ಕೊಳವೆ ಬಗ್ಗಿಸುವ ಯಂತ್ರವನ್ನು ಆರಿಸುವ ಬಗೆ

(ಸದಾಶಿವ ಪೇಠೆಯ ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯ ಮೇಲಿಂದ ಸಾಹಿತ್ಯ, ಸಂಗೀತ, ಇತಿಹಾಸಗಳನ್ನು ಬಲ್ಲವರು ಮಾತನಾಡಿದ್ದಾರೆ. ನಾನು ಮಾತಿನವನಲ್ಲ. ಅಥಣಿ ತಾಲೂಕಿನ ಒಂದು ಹಳ್ಳಿಯಿಂದ ಬಂದು, ಭೋಸರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಬ್ಬಿಣ ಕತ್ತರಿಸಿ, ಬಗ್ಗಿಸಿ, ಬೆಸೆಯುತ್ತಿರುವ ಕೆಲಸಗಾರ. ಹೀಗಿದ್ದರೂ ಕಾರ್ಯದರ್ಶಿಗಳು ನನ್ನನ್ನು ಇಲ್ಲಿ ನಿಲ್ಲಿಸಿದ್ದಕ್ಕೆ ಕಾರಣವುಂಟು. ಕಳೆದ ಕೆಲವು ತಿಂಗಳಲ್ಲಿ ನಮ್ಮ ಸದಸ್ಯರಲ್ಲೇ ನಾಲ್ವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಕೊಳವೆ ಬಗ್ಗಿಸುವ ಯಂತ್ರ ಕೊಳ್ಳಬೇಕೆಂದಿದ್ದೇವೆ, ಯಾವುದು ಒಳ್ಳೆಯದು?" ಇಬ್ಬರ ಮಕ್ಕಳು ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದು ಗುಡ್ಡಗಾಡಿನಲ್ಲಿ ಓಡುವ ಗಾಡಿ ಕಟ್ಟುತ್ತಿದ್ದಾರೆ. ಒಬ್ಬರ ತಮ್ಮನಿಗೆ ಊರಿನ ಹೊಲದಲ್ಲಿ ಓಡಾಡಲು ಇಂಥದೊಂದು ಗಾಡಿ ಬೇಕಂತೆ. ನಾಲ್ಕನೆಯವರು ರಜೆಯ ದಿನಗಳಲ್ಲಿ ಸ್ವಂತ ಕೈಯಿಂದ ಏನನ್ನಾದರೂ ಕಟ್ಟಬೇಕೆಂಬ ಹಂಬಲವುಳ್ಳ ಗುಮಾಸ್ತರು. ನಾಲ್ವರಿಗೂ ಬಿಡಿಬಿಡಿಯಾಗಿ ಹೇಳುವುದರ ಬದಲು ಎಲ್ಲರ ಎದುರಿಗೇ ಹೇಳಿಬಿಡೋಣವೆಂದು ಬಂದಿದ್ದೇನೆ.

ಈ ಗಾಡಿಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಡಾಂಬರು ರಸ್ತೆಯ ಹಂಗಿಲ್ಲದೆ ಕಲ್ಲು, ಕೆಸರು, ಹಳ್ಳ, ದಿಬ್ಬಗಳ ಮೇಲೆ ಓಡಲೆಂದು ಮಾಡಿದ ಸಣ್ಣ ಗಾಡಿ ಇದು. ಇದಕ್ಕೆ ತಗಡಿನ ಮೈ ಇರುವುದಿಲ್ಲ. ಉಕ್ಕಿನ ಕೊಳವೆಗಳನ್ನು ಬಗ್ಗಿಸಿ ಬೆಸೆದ ಪಂಜರವೇ ಇದರ ಮೈ. ಅಮೆರಿಕದ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ ಇಂಥ ಗಾಡಿಗಳ ವಿದ್ಯಾರ್ಥಿ ಸ್ಪರ್ಧೆ ಆರಂಭವಾಯಿತು. ನಮ್ಮ ದೇಶದಲ್ಲಿ 'ಬಾಹಾ' ಎಂಬ ಹೆಸರಿನ ಈ ಸ್ಪರ್ಧೆ 2007ರಲ್ಲಿ ಇಂದೂರಿನ ಹತ್ತಿರದ ಪೀಥಂಪುರದಲ್ಲಿ ಮೊದಲಾಯಿತು. ಅಂದಿನಿಂದ ಪುಣೆಯ ಕಾಲೇಜುಗಳ ಹುಡುಗರಿಗೂ ಕರ್ನಾಟಕದ ಕಾಲೇಜುಗಳ ಹುಡುಗರಿಗೂ ಕೊಳವೆ ಬಗ್ಗಿಸುವ ಹುಚ್ಚು ಹತ್ತಿದೆ. ಒಳ್ಳೆಯ ಹುಚ್ಚೇ. ಆದರೆ ಗಾಡಿ ಮಗುಚಿ ಬಿದ್ದಾಗ ಸವಾರನ ತಲೆಗೂ ನೆಲಕ್ಕೂ ನಡುವೆ ಉಳಿಯುವುದು ಆ ಕೊಳವೆಯೊಂದೇ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನೆಲ್ಲ ಕೇಳಬೇಕು.

ಬರುವಾಗ ಒಂದು ಪರಂಗಿ ಎಲೆಯನ್ನು ತಂದಿದ್ದೇನೆ. ಇದರ ದಂಟು ಪೊಳ್ಳು. ಎರಡೂ ತುದಿ ಹಿಡಿದು ಬಗ್ಗಿಸುತ್ತೇನೆ, ನೋಡಿ. ಸ್ವಲ್ಪ ದೂರ ಚೆನ್ನಾಗಿ ಬಾಗುತ್ತದೆ. ಆಮೇಲೆ ಒಮ್ಮೆಲೇ ನಡುವೆ ಚಪ್ಪಟೆಯಾಗಿ ಮಡಚಿಕೊಂಡಿತು. ಇನ್ನು ಬೆರಳಿನಿಂದ ಮುಟ್ಟಿದರೂ ಅಲ್ಲೇ ಮಡಚುತ್ತದೆ, ಬೇರೆ ಕಡೆ ಬಾಗುವುದಿಲ್ಲ. ಉಕ್ಕಿನ ಕೊಳವೆಯ ಕಥೆಯೂ ಇದೇ. ಬಗ್ಗಿಸುವಾಗ ಬಾಗಿನ ಹೊರಮೈ ಹಿಗ್ಗಿ ತೆಳ್ಳಗಾಗುತ್ತದೆ. ಒಳಮೈ ಒತ್ತಿ ಸುಕ್ಕುಗಟ್ಟಲು ನೋಡುತ್ತದೆ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕೊಳವೆ ಬಗ್ಗಿಸುವ ಯಂತ್ರವೆಂದರೆ ಬಗ್ಗಿಸುವ ಯಂತ್ರ ಮಾತ್ರವಲ್ಲ. ಬರೀ ಬಗ್ಗಿಸುವುದಾದರೆ ಎರಡು ಮರಗಳ ಸಂದಿನಲ್ಲಿಟ್ಟು ಎಳೆದರೂ ಸಾಕು. ಬಗ್ಗುವಾಗ ಕೊಳವೆ ತನ್ನ ದುಂಡು ಕಳೆದುಕೊಳ್ಳದಂತೆ ಹಿಡಿದುಕೊಳ್ಳುವುದೇ ಅದರ ನಿಜವಾದ ಕೆಲಸ. ಯಾವ ಯಂತ್ರವನ್ನು ನೋಡಿದರೂ, "ಇದು ಕೊಳವೆಯನ್ನು ಎಲ್ಲೆಲ್ಲಿ ಹಿಡಿದುಕೊಳ್ಳುತ್ತದೆ?" ಎಂದು ಮೊದಲು ಕೇಳಬೇಕು.

ಈ ಪ್ರಶ್ನೆಯನ್ನು ನಾನೇ ಒಮ್ಮೆ ಕೇಳಿಕೊಳ್ಳಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗ ಊರಲ್ಲಿ ಹಳೆಯ ಇಂಜಿನ್ನೊಂದನ್ನು ಹಾಕಿ ಹೊಲದ ಗಾಡಿ ಕಟ್ಟುತ್ತೇನೆಂದ. ದೀಪಾವಳಿ ರಜೆಗೆ ಊರಿಗೆ ಹೋದಾಗ ಪಂಜರ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕಾರ್ಖಾನೆಯಲ್ಲಿದ್ದಂಥ ಯಂತ್ರ ಅಲ್ಲಿಲ್ಲ. ನಲ್ಲಿ ಕೆಲಸದವರೊಬ್ಬರಿಂದ ಜ್ಯಾಕ್ ಇರುವ ಪೈಪ್ ಬೆಂಡರನ್ನು ಎರವಲು ತಂದೆ. ಮನೆಯಲ್ಲಿ ಬಿದ್ದಿದ್ದ ನೀರಿನ ಪೈಪುಗಳನ್ನೇ ಬಗ್ಗಿಸಿದೆ. ತಲೆಯ ಹಿಂದಿನ ಕಮಾನಿನ ಎಡಮೂಲೆಯಲ್ಲಿ ಒಳಗಡೆ ಒಂದು ಚಪ್ಪಟೆ ಬಿತ್ತು. ಕಣ್ಣಿಗೆ ಕಂಡಿತು. ರಜೆ ಮುಗಿಯುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು. "ಇರಲಿ, ಬಣ್ಣ ಬಳಿದರೆ ಕಾಣುವುದಿಲ್ಲ" ಎಂದೆ. ಮೂರು ತಿಂಗಳ ಮೇಲೆ ಕಾಲುವೆಯ ಏರಿಯ ಮೇಲೆ, ಮನುಷ್ಯ ನಡೆಯುವಷ್ಟು ವೇಗದಲ್ಲಿ, ಗಾಡಿ ಮಗುಚಿತು. ಕಮಾನು ಸರಿಯಾಗಿ ಆ ಚಪ್ಪಟೆಯಲ್ಲೇ ಮಡಚಿತು, ಈಗ ಈ ದಂಟು ಮಡಚಿದ ಹಾಗೆ. ಹುಡುಗನ ಕೊರಳ ಪಕ್ಕದ ಎಲುಬು ಮುರಿಯಿತು. ತಲೆಗೆ ಏಟಾಗಲಿಲ್ಲ, ಅದು ನನ್ನ ಜಾಣತನದಿಂದಲ್ಲ, ಕೆಳಗೆ ಹಸಿಮಣ್ಣಿದ್ದದ್ದರಿಂದ. ಮಳೆಗಾಲದಲ್ಲಿ ಇಂದಿಗೂ ಅವನ ಭುಜ ನೋಯುತ್ತದೆ. ಎರವಲು ತಂದ ಯಂತ್ರದ ದೋಷ ಅದರಲ್ಲಿ ಏನೂ ಇಲ್ಲ. ಅದು ನೀರಿನ ಪೈಪಿಗೆ ಮಾಡಿದ ಯಂತ್ರ. ಜೀವ ಕಾಯುವ ಕೆಲಸವನ್ನು ಅದಕ್ಕೆ ಒಪ್ಪಿಸಿದವನು ನಾನು.

ಅಂದಿನಿಂದ ನಾನು ಕಲಿತ ಪಾಠವನ್ನು ಒಂದೇ ಸಾಲಿನಲ್ಲಿ ಹೇಳುತ್ತೇನೆ. ಮೊದಲು ಕೊಳವೆಯನ್ನು ಗೊತ್ತುಮಾಡಿ, ಆಮೇಲೆ ಬಾಗನ್ನು, ಕೊನೆಗೆ ಯಂತ್ರವನ್ನು. ನಾವೆಲ್ಲ ಇದನ್ನು ತಲೆಕೆಳಗಾಗಿ ಮಾಡುತ್ತೇವೆ. ಅಗ್ಗಕ್ಕೆ ಯಂತ್ರ ಸಿಕ್ಕಿತೆಂದು ಕೊಳ್ಳುತ್ತೇವೆ, ಅದಕ್ಕೆ ಹೊಂದುವ ಕೊಳವೆ ಹುಡುಕುತ್ತೇವೆ, ಬಂದಂಥ ಬಾಗನ್ನು ಒಪ್ಪಿಕೊಳ್ಳುತ್ತೇವೆ. ನಮ್ಮ ವಿಶ್ವೇಶ್ವರಯ್ಯನವರು ಇದೇ ಪುಣೆಯ ಕಾಲೇಜ್ ಆಫ್ ಸೈನ್ಸಿನಲ್ಲಿ ಓದಿ 1883ರಲ್ಲಿ ತೇರ್ಗಡೆಯಾದವರು. ಇಲ್ಲಿಂದ ಸ್ವಲ್ಪವೇ ದೂರದ ಖಡಕವಾಸಲಾ ಕೆರೆಗೆ ಅವರು ರಚಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಕೂರಿಸಿದರು. ನೀರು ಗೊತ್ತಾದ ಮಟ್ಟ ದಾಟಿದರೆ ಬಾಗಿಲು ತಾನೇ ತೆರೆಯುವ ಏರ್ಪಾಟು ಅದು. ನೀರಿನ ಕೆಲಸ ಏನೆಂದು ನೋಡಿ ಬಾಗಿಲನ್ನು ಮಾಡಿದರು. ಬಾಗಿಲನ್ನು ಮಾಡಿ ನೀರಿಗೆ ಬುದ್ಧಿ ಹೇಳಲಿಲ್ಲ. ನಮ್ಮ ಸಣ್ಣ ಕೆಲಸಕ್ಕೂ ಆ ಕ್ರಮವೇ ಸರಿ.

ಮೊದಲನೆಯದು ಕೊಳವೆ. ಇಲ್ಲಿ ಪೈಪು ಮತ್ತು ಟ್ಯೂಬು ಎಂಬ ಎರಡು ಹೆಸರುಗಳಿವೆ; ಅಂಗಡಿಯಲ್ಲಿ ಎರಡನ್ನೂ ಒಂದೇ ಎನ್ನುವವರುಂಟು. ಎರಡೂ ಒಂದಲ್ಲ. ಪೈಪು ನೀರು ಸಾಗಿಸಲು ಮಾಡಿದ್ದು. ಅದರ ಅಳತೆ ಒಳಗಿನ ಕಂಡಿಯ ಹೆಸರಿನಿಂದ ನಡೆಯುತ್ತದೆ. ಐಎಸ್ 1239ರ ಪ್ರಕಾರ ಒಂದು ಇಂಚಿನದೆಂದು ಕೊಡುವ ಪೈಪಿನ ಹೊರವ್ಯಾಸ ಸುಮಾರು 33.7 ಮಿ.ಮೀ. ಆದರೆ ಒಂದು ಇಂಚಿನ ಟ್ಯೂಬೆಂದರೆ ಹೊರವ್ಯಾಸವೇ 25.4 ಮಿ.ಮೀ. ಪೈಪಿನ ಅಚ್ಚಿನಲ್ಲಿ ಟ್ಯೂಬನ್ನು ಇಟ್ಟರೆ ಎರಡೂ ಪಕ್ಕದಲ್ಲಿ ನಾಲ್ಕು ನಾಲ್ಕು ಮಿ.ಮೀ. ಸಡಿಲ. ಸಡಿಲವಿದ್ದ ಕಡೆ ಕೊಳವೆ ಚಪ್ಪಟೆಯಾಗದೆ ಇನ್ನೇನಾದೀತು? ಅಪ್ಪನ ಚಪ್ಪಲಿ ಹಾಕಿಕೊಂಡು ಮಗು ಓಡಿದ ಹಾಗೆ. ನೀರಿನ ಪೈಪಿಗೆ ಸತುವಿನ ಲೇಪವೂ ಇರುತ್ತದೆ. ಅದನ್ನು ಬೆಸೆದರೆ ಬರುವ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಆದಕಾರಣ ಪಂಜರಕ್ಕೆ ನೀರಿನ ಪೈಪು ಬೇಡವೇ ಬೇಡ.

ಹಾಗಾದರೆ ಯಾವ ಟ್ಯೂಬು? ವಿದ್ಯಾರ್ಥಿಗಳ ಸ್ಪರ್ಧೆಯ ನಿಯಮಾವಳಿಯಲ್ಲಿ ಪಂಜರದ ಮುಖ್ಯ ಕೊಳವೆಗಳಿಗೆ ಹೊರವ್ಯಾಸ 25.4 ಮಿ.ಮೀ., ಗೋಡೆಯ ದಪ್ಪ 3 ಮಿ.ಮೀ., ಉಕ್ಕಿನಲ್ಲಿ ಇಂಗಾಲ ನೂರಕ್ಕೆ 0.18ಕ್ಕೆ ಕಡಿಮೆಯಿಲ್ಲದಂತೆ ಎಂದು ಮೂಲ ಅಳತೆ ಕೊಟ್ಟಿದ್ದಾರೆ. ಬೇರೆ ಅಳತೆ ಬಳಸುವವರು ಅದು ಇದಕ್ಕೆ ಸಮನೆಂದು ಲೆಕ್ಕದಿಂದ ತೋರಿಸಬೇಕು. ಒಬ್ಬನೇ ಕೂರುವ ಸಣ್ಣ ಗಾಡಿಯ ಅಳತೆ ಇದು. ಇಂಥ ಟ್ಯೂಬು ಮೀಟರಿಗೆ ಸುಮಾರು 1.66 ಕಿಲೋ ತೂಗುತ್ತದೆ; 6 ಮೀಟರಿನ ಒಂದು ಉದ್ದಕ್ಕೆ 10 ಕಿಲೋ. ತಕ್ಕಡಿಗೆ ಹಾಕಿ ನೋಡಿ. 8 ಕಿಲೋ ಬಂದರೆ ಗೋಡೆ ತೆಳ್ಳಗಿದೆಯೆಂದೇ ಅರ್ಥ; ವ್ಯಾಪಾರಿಯ ಮಾತು ಬೇಡ, ತಕ್ಕಡಿಯ ಮಾತು ಸಾಕು. ಜೀಪಿನಂಥ ಭಾರದ ಗಾಡಿಗೆ ಪಂಜರ ಹಾಕುವವರಿಗೆ ಈ ಅಳತೆ ಸಾಲದು. ಅಂತರರಾಷ್ಟ್ರೀಯ ರ‍್ಯಾಲಿ ನಿಯಮಗಳಲ್ಲಿ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ಗೋಡೆ, ಇಲ್ಲವೆ 50 ಮಿ.ಮೀ. ವ್ಯಾಸ, 2 ಮಿ.ಮೀ. ಗೋಡೆ ಎಂದಿದೆ. ನಿಮ್ಮ ಗಾಡಿ ಇವೆರಡರಲ್ಲಿ ಯಾವ ಜಾತಿಯದೆಂದು ಮೊದಲೇ ತೀರ್ಮಾನಿಸಿ. ಎರಡಕ್ಕೂ ಒಂದೇ ಯಂತ್ರವನ್ನು ಹುಡುಕುವವನು ಎರಡಕ್ಕೂ ಕೆಟ್ಟದ್ದನ್ನು ಕೊಳ್ಳುತ್ತಾನೆ.

ಎರಡನೆಯದು ಬಾಗು. ಕೊಳವೆಯ ನಡುಗೆರೆಯನ್ನು ಹಿಡಿದು ಅಳೆದ ಬಾಗಿನ ತ್ರಿಜ್ಯವೇ ಇಲ್ಲಿ ಮುಖ್ಯ. ಅದು ಕೊಳವೆಯ ವ್ಯಾಸದ ಮೂರು ಪಟ್ಟಿಗೆ ಕಡಿಮೆಯಿರಕೂಡದೆಂದು ರ‍್ಯಾಲಿ ನಿಯಮ ಹೇಳುತ್ತದೆ. 25.4 ಮಿ.ಮೀ. ಟ್ಯೂಬಿಗೆ ಇದು 76 ಮಿ.ಮೀ. ಆಯಿತು. ಮೂರು ಪಟ್ಟೇ ಏಕೆ? ಗುಮಾಸ್ತ ಬಂಧುಗಳು ಬೇಸರಪಡಬಾರದು, ಲೆಕ್ಕ ಸುಲಭವಾಗಿದೆ. ಹೊರಮೈ ಎಷ್ಟು ಹಿಗ್ಗುತ್ತದೆಂಬುದು ವ್ಯಾಸದ ಅರ್ಧವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ತ್ರಿಜ್ಯ ಮೂರು ಪಟ್ಟಾದರೆ ಹೊರಮೈ ಆರರಲ್ಲೊಂದು ಪಾಲು ಹಿಗ್ಗುತ್ತದೆ. ಎರಡು ಪಟ್ಟಾದರೆ ನಾಲ್ಕರಲ್ಲೊಂದು ಪಾಲು. ನೂರಕ್ಕೆ ಹದಿನೇಳು ಹಿಗ್ಗುವುದನ್ನು ಒಳ್ಳೆಯ ಉಕ್ಕು ತಾಳೀತು. ಇಪ್ಪತ್ತೈದು ಹಿಗ್ಗೆಂದರೆ ಬಿರುಕಿಗೆ ಬಾಗಿಲು ತೆರೆದ ಹಾಗೆಯೇ.

ಅದೇ ನಿಯಮದ ಇನ್ನೊಂದು ಮಾತು: ಬಾಗಿನಲ್ಲಿ ಕೊಳವೆ ಮೊಟ್ಟೆಯಾಕಾರವಾದರೆ, ಕಿರಿದಾದ ವ್ಯಾಸವನ್ನು ಹಿರಿದಾದ ವ್ಯಾಸದಿಂದ ಭಾಗಿಸಿದಾಗ 0.9ಕ್ಕೆ ಕಡಿಮೆ ಬರಕೂಡದು. ಮೇಲ್ಮೈ ನುಣುಪಾಗಿರಬೇಕು, ಸುಕ್ಕು ಬಿರುಕು ಕೂಡದು. ಬಗ್ಗಿಸುವುದು ತಣ್ಣಗಿರುವಾಗಲೇ ಆಗಬೇಕು. ಇದನ್ನು ಪರೀಕ್ಷಿಸಲು ಒಂದು ವರ್ನಿಯರ್ ಕ್ಯಾಲಿಪರ್ ಸಾಕು. ಬಾಗಿನ ನಡುವೆ ಎರಡು ಕಡೆ ಅಳೆಯಿರಿ. 24.1 ಮತ್ತು 26.2 ಬಂದರೆ ಭಾಗಲಬ್ಧ 0.92, ಸರಿ. 23.6 ಮತ್ತು 27 ಬಂದರೆ 0.87, ಆ ತುಂಡನ್ನು ಹಂದರಕ್ಕೋ ಗೇಟಿಗೋ ಉಪಯೋಗಿಸಿ, ಪಂಜರಕ್ಕೆ ಬೇಡ. ಅಂದು ನನ್ನ ಹತ್ತಿರ ಕ್ಯಾಲಿಪರ್ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಜೇಬಿನಲ್ಲೇ ಇತ್ತು.

ಮೂರನೆಯದಾಗಿ ಯಂತ್ರ. ಪೇಟೆಯಲ್ಲಿ ಸಿಗತಕ್ಕವು ಮುಖ್ಯವಾಗಿ ಐದು ಬಗೆ.

ಒಂದು, ಜ್ಯಾಕಿನಿಂದ ತಳ್ಳುವ ಪೈಪ್ ಬೆಂಡರ್. ಎರಡು ಗುಂಡುಗಳು ಕೊಳವೆಯನ್ನು ಹಿಂದಿನಿಂದ ಆನಿಸಿರುತ್ತವೆ. ನಡುವೆ ಜ್ಯಾಕು ಒಂದು ಅಚ್ಚನ್ನು ತಳ್ಳುತ್ತದೆ. ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಹಾರ್ಡ್‌ವೇರ್ ಅಂಗಡಿಗಳ ಸಾಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಇದೇ, ಅಗ್ಗವೂ ಇದೇ. ದಪ್ಪ ಗೋಡೆಯ ನೀರಿನ ಪೈಪಿಗೆ ಇದು ಒಳ್ಳೆಯ ಯಂತ್ರ. ಆದರೆ ಇದು ಕೊಳವೆಯನ್ನು ಬಾಗಿನ ಒಳಮೈಯಲ್ಲಿ ಮಾತ್ರ ಹಿಡಿಯುತ್ತದೆ, ಹೊರಮೈಗೆ ಆಸರೆಯಿಲ್ಲ. ಪಂಜರದ ಕೆಲಸಕ್ಕೆ ಸಲ್ಲದು.

ಎರಡು, ವಿದ್ಯುತ್ ತಂತಿಯ ಕೊಳವೆ ಬಗ್ಗಿಸುವ ಕೈಕೋಲು. ತೆಳ್ಳನೆಯ ಮೆತ್ತನೆಯ ಕೊಳವೆಗೆ ಮಾಡಿದ್ದು. 3 ಮಿ.ಮೀ. ಗೋಡೆಯನ್ನು ಇದರಲ್ಲಿ ಹಾಕಿದರೆ ಕೊಳವೆಗಿಂತ ಮೊದಲು ಕೋಲೇ ಬಗ್ಗುತ್ತದೆ.

ಮೂರು, ಮೂರು ಉರುಳೆಗಳ ಯಂತ್ರ. ಕಬ್ಬಿನ ಗಾಣವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಂಡಿಯ ಗಾಲಿಯಂಥ ದೊಡ್ಡ ವೃತ್ತಕ್ಕೆ, ಮಾಳಿಗೆಯ ಕಮಾನಿಗೆ ಸರಿ, 76 ಮಿ.ಮೀ. ತ್ರಿಜ್ಯದ ಬಿಗಿಯಾದ ಮೂಲೆ ಇದರಿಂದ ಆಗದು.

ನಾಲ್ಕು, ತಿರುಗಚ್ಚಿನ ಯಂತ್ರ. ಇಂಗ್ಲಿಷಿನಲ್ಲಿ ರೋಟರಿ ಡ್ರಾ ಎನ್ನುತ್ತಾರೆ. ಇದರಲ್ಲಿ ಕೊಳವೆಯ ಅರ್ಧಕ್ಕೆ ಸರಿಯಾಗಿ ಕೊರೆದ ಗಾಲಿಯಂಥ ಅಚ್ಚು ಇರುತ್ತದೆ. ಕೊಳವೆಯ ತಲೆಯನ್ನು ಅದಕ್ಕೆ ಹಿಡಿಕೆಯಿಂದ ಬಿಗಿಯುತ್ತಾರೆ. ಎದುರಿಗೆ ಉಳಿದ ಅರ್ಧವನ್ನು ಅಪ್ಪಿಕೊಂಡು ಒಂದು ಒತ್ತುಗಟ್ಟಿ ನಿಲ್ಲುತ್ತದೆ. ಅಚ್ಚು ತಿರುಗಿದಂತೆ ಕೊಳವೆಯನ್ನು ತನ್ನ ಸುತ್ತ ಎಳೆದುಕೊಳ್ಳುತ್ತದೆ. ಬಾಗುವ ಜಾಗದಲ್ಲೇ ಕೊಳವೆ ಒಳಗೂ ಹೊರಗೂ ಹಿಡಿತದಲ್ಲಿರುತ್ತದೆ. ಚಪ್ಪಟೆಯಾಗಲು ಎಡೆ ತೀರ ಕಡಿಮೆ. ಮನೆಯಲ್ಲಿ ಪಂಜರ ಕಟ್ಟುವವನಿಗೆ ಬೇಕಾದದ್ದು ಇದು. ನೋಡಲು ಇದರಂತೆಯೇ ಇದ್ದು, ಅಚ್ಚು ನಿಂತಲ್ಲೇ ನಿಂತು ಗಟ್ಟಿ ಮಾತ್ರ ಸುತ್ತ ತಿರುಗುವ ಯಂತ್ರಗಳೂ ಉಂಟು. ಅವು ಕುರ್ಚಿ, ಕಟಕಟೆಗಳಿಗೆ ಸಾಕು. ಅಚ್ಚು ತಿರುಗುತ್ತದೆಯೋ ಇಲ್ಲವೋ ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು.

ಐದು, ಕೊಳವೆಯ ಒಳಗೆ ಉಕ್ಕಿನ ಗುಂಡು ಅಥವಾ ಸರಪಳಿಗುಂಡನ್ನು ತೂರಿಸಿ ಬಗ್ಗಿಸುವ ಮ್ಯಾಂಡ್ರೆಲ್ ಯಂತ್ರ. ತೆಳ್ಳನೆಯ ಗೋಡೆ, ಬಿಗಿಯಾದ ತ್ರಿಜ್ಯ, ಇಂಜಿನ್ನಿನ ಹೊಗೆಕೊಳವೆ ಮುಂತಾದವಕ್ಕೆ ಅವಶ್ಯ. 25.4ಕ್ಕೆ 3 ಮಿ.ಮೀ. ಗೋಡೆ, ಮೂರು ಪಟ್ಟು ತ್ರಿಜ್ಯ ಎಂದಾದರೆ ಇದು ಬೇಡ, ವೃಥಾ ಹಣ.

ಊರಿನ ಕಮ್ಮಾರರ ಪದ್ಧತಿಯೊಂದನ್ನು ಕೇಳಿದವರಿದ್ದೀರಿ: ಮರಳು ತುಂಬಿ, ಎರಡೂ ತುದಿಗೆ ಬೆಣೆ ಬಡಿದು, ಕುಲುಮೆಯಲ್ಲಿ ಕಾಯಿಸಿ ಬಗ್ಗಿಸುವುದು. ಅದು ಜಾಣ ಪದ್ಧತಿಯೇ. ಮರಳು ಒಳಗಿನಿಂದ ಆಸರೆ ಕೊಡುತ್ತದೆ. ಆದರೆ ಮರಳಿನಲ್ಲಿ ತೇವವಿದ್ದರೆ ಉಗಿಯಾಗಿ ಬೆಣೆ ಗುಂಡಿನಂತೆ ಹಾರುತ್ತದೆ. ಕಾಯಿಸಿದ ಉಕ್ಕಿನ ಬಲವೂ ಬದಲಾಗುತ್ತದೆ. ಪಂಜರಕ್ಕೆ ಅದು ನಿಷಿದ್ಧವೆಂದೇ ತಿಳಿಯಿರಿ.

ಇನ್ನು ಕೈಬಲವೋ, ಎಣ್ಣೆಜ್ಯಾಕಿನ ಬಲವೋ ಎಂಬ ಪ್ರಶ್ನೆ. 25.4ರ 3 ಮಿ.ಮೀ. ಟ್ಯೂಬನ್ನು ಬಗ್ಗಿಸಲು, ಒಂದು ಮೀಟರ್ ಸನ್ನೆಯ ತುದಿಯಲ್ಲಿ ಸುಮಾರು 54 ಕಿಲೋ ತೂಗಿಸಿದಷ್ಟು ತಿರುಚುಬಲ ಬೇಕು. ಒಂದೂವರೆ ಮೀಟರ್ ಸನ್ನೆಯಾದರೆ 36 ಕಿಲೋ. ಉಜ್ಜುವಿಕೆಗೆ ಇದರ ಅರ್ಧದಷ್ಟು ಸೇರಿಸಿದರೂ ಒಬ್ಬ ಗಟ್ಟಿ ಆಳು ಮೈಭಾರ ಬಿಟ್ಟು ಎಳೆಯಬಹುದಾದ ಕೆಲಸ. ಆದರೆ 45 ಮಿ.ಮೀ. ವ್ಯಾಸದ 2.5 ಮಿ.ಮೀ. ಟ್ಯೂಬಿಗೆ ಬೇಕಾದ ಬಲ ಇದರ ಮೂರು ಪಟ್ಟು. ಅಲ್ಲಿ ಸನ್ನೆ ಹಿಡಿದರೆ ಇಬ್ಬರು ನೇತಾಡಬೇಕು, ಯಂತ್ರ ಬುಡಸಮೇತ ಏಳುತ್ತದೆ. ಆದ್ದರಿಂದ ಸಣ್ಣ ಗಾಡಿಗೆ ಕೈಸನ್ನೆಯ ತಿರುಗಚ್ಚು ಸಾಕು. ಜೀಪಿನ ಪಂಜರಕ್ಕೆ ಜ್ಯಾಕಿನ ತಿರುಗಚ್ಚು ಬೇಕು.

ಅಂಗಡಿಗೆ ಹೋದಾಗ ನೋಡಬೇಕಾದ ಕೆಲವು ಗುರುತುಗಳನ್ನು ಹೇಳುತ್ತೇನೆ. ಅಚ್ಚಿನ ಮೇಲೆ ಕೊಳವೆಯ ಹೊರವ್ಯಾಸವನ್ನೂ ತ್ರಿಜ್ಯವನ್ನೂ ಕೆತ್ತಿರಬೇಕು. ನಿಮ್ಮ ಟ್ಯೂಬಿನ ಒಂದು ತುಂಡನ್ನು ಜೊತೆಗೆ ಒಯ್ದು ಅಚ್ಚಿನಲ್ಲಿಟ್ಟು ನೋಡಿ. ಕಾಗದ ತೂರುವಷ್ಟು ಸಂದಿರಬಹುದು, ಉಗುರು ತೂರುವಷ್ಟು ಕೂಡದು. ಗೂಟ ಹಾಕುವ ರಂಧ್ರಗಳು ಅಗಲವಾಗಿ ಸವೆದಿದ್ದರೆ ಹಳೆಯ ಯಂತ್ರವನ್ನು ಮುಟ್ಟಬೇಡಿ. ಜುನಾ ಬಾಜಾರಿನಲ್ಲಿ ಕಂಡ ಯಂತ್ರಕ್ಕೆ ಅಚ್ಚು ಇಲ್ಲದಿದ್ದರೆ ಅದು ಯಂತ್ರವಲ್ಲ, ಗುಜರಿ. ಡಿಗ್ರಿ ತೋರಿಸುವ ಬಳೆ ಇರಬೇಕು. ನೆಲಕ್ಕೆ ಬೋಲ್ಟು ಹಾಕುವ ಪಾದ ಇರಬೇಕು. ಹಾಗೆಯೇ ನಿಮ್ಮ ಮನೆಯಲ್ಲಿ ಬೋಲ್ಟು ಹಾಕಿಸಿಕೊಳ್ಳುವ ನೆಲವೂ ಇರಬೇಕು. ಬಾಡಿಗೆ ಖೋಲಿಯ ಫರಸಿಗೆ ರಂಧ್ರ ಕೊರೆದರೆ ಮಾಲಕರು ಏನೆಂದಾರು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ವ್ಯಾಸಕ್ಕೂ ಪ್ರತಿಯೊಂದು ತ್ರಿಜ್ಯಕ್ಕೂ ಬೇರೆಯೇ ಅಚ್ಚು ಬೇಕು. ಯಂತ್ರದ ಬೆಲೆ ಕೇಳಿ ಹಿಗ್ಗಿದವರು ಅಚ್ಚಿನ ಬೆಲೆ ಕೇಳಿ ಕುಗ್ಗುತ್ತಾರೆ. ಯಂತ್ರದ ಖರ್ಚು ಒಮ್ಮೆ. ಅಚ್ಚಿನ ಖರ್ಚು ಪ್ರತಿ ಸಲ. ಆದ್ದರಿಂದ ಪಂಜರದ ನಕ್ಷೆ ಬರೆಯುವಾಗಲೇ ಎಲ್ಲ ಬಾಗುಗಳಿಗೂ ಒಂದೇ ವ್ಯಾಸ, ಒಂದೇ ತ್ರಿಜ್ಯ ಇಟ್ಟುಕೊಳ್ಳಿ. ಒಂದೇ ಅಚ್ಚಿನಲ್ಲಿ ಇಡೀ ಗಾಡಿ ಮುಗಿಯುತ್ತದೆ.

ಇಲ್ಲಿಗೆ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಬಂತು. ಕೊಳ್ಳಲೇಬೇಕೇ? ನಕ್ಷೆಯಲ್ಲಿ ಬಾಗುಗಳನ್ನು ಎಣಿಸಿ. ನಾನು ಕಂಡ ಸಣ್ಣ ಗಾಡಿಗಳಲ್ಲಿ ಹತ್ತರಿಂದ ಹದಿನೈದು ಬಾಗುಗಳಿರುತ್ತವೆ. ಉಳಿದವೆಲ್ಲ ನೇರ ಕೊಳವೆಗಳು. ಒಂದು ಬಾಗಿಗೆ ಕಾರ್ಯಾಗಾರದವರು ಕೇಳುವ ಕೂಲಿಯನ್ನು ಬಾಗುಗಳ ಸಂಖ್ಯೆಯಿಂದ ಗುಣಿಸಿ. ಇನ್ನೊಂದು ಕಡೆ ಯಂತ್ರ, ಅಚ್ಚು, ಸಾಗಣೆ, ನೆಲದ ಕೆಲಸ, ಕೆಡಿಸುವ ಕೊಳವೆ ಇಷ್ಟನ್ನೂ ಕೂಡಿಸಿ. ಎರಡು ಅಂಕಣಗಳನ್ನು ಎದುರುಬದುರು ಬರೆದರೆ, ಒಂದೇ ಗಾಡಿ ಕಟ್ಟುವವನಿಗೆ ಕೂಲಿ ಕೊಡುವುದೇ ಲಾಭವೆಂದು ತಾನೇ ತಿಳಿಯುತ್ತದೆ. ಭೋಸರಿ, ಪಿಂಪರಿ, ಚಾಕಣಗಳಲ್ಲಿ, ಊರ ಕಡೆಯಾದರೆ ಬೆಳಗಾವಿಯ ಉದ್ಯಮಬಾಗದಲ್ಲಿ, ಈ ಕೆಲಸ ಮಾಡಿಕೊಡತಕ್ಕ ಕಾರ್ಯಾಗಾರಗಳನ್ನು ವಿಚಾರಿಸಿ. "ತಿರುಗಚ್ಚಿನಲ್ಲಿ ಮಾಡುತ್ತೀರಾ? 25.4ಕ್ಕೆ ಅಚ್ಚು ಇದೆಯೇ? ತ್ರಿಜ್ಯ ಎಷ್ಟು?" ಎಂಬ ಮೂರು ಪ್ರಶ್ನೆ ಕೇಳಿದರೆ ಸಾಕು, ಕೇಳುವವನು ಬಲ್ಲವನೆಂದು ಅವರಿಗೂ ತಿಳಿಯುತ್ತದೆ. ವರ್ಷಕ್ಕೆ ಎರಡು ಮೂರು ಗಾಡಿ ಕಟ್ಟುವವರು, ಅಥವಾ ಐದಾರು ಮಂದಿ ಕೂಡಿ ವಂತಿಗೆ ಹಾಕುವವರು, ಸ್ವಂತ ಯಂತ್ರ ಕೊಳ್ಳಬಹುದು. ಸಾಲ ಮಾಡಿ ಮಾತ್ರ ಕೊಳ್ಳಬೇಡಿ. ಊರಿಗೆ ಕಳಿಸುವ ಹಣದಲ್ಲಿ ಕೈಯಾಡಿಸಿ ಕೊಳ್ಳುವುದಂತೂ ಬೇಡ.

ಕೊಂಡವರು ಬಳಸುವಾಗ ಗಮನಿಸಬೇಕಾದ್ದನ್ನು ಚುಟುಕಾಗಿ ಹೇಳುತ್ತೇನೆ. ಮೊದಲು ಅದೇ ಕೊಳವೆಯ ತುಂಡಿನಲ್ಲಿ ಒಂದು ಪರೀಕ್ಷೆಯ ಬಾಗು ಮಾಡಿ. ಉಕ್ಕು ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ ಮರಳುತ್ತದೆ. 90 ಡಿಗ್ರಿ ಬೇಕಾದರೆ ಎರಡು ಮೂರು ಡಿಗ್ರಿ ಹೆಚ್ಚಿಗೆ ಎಳೆಯಬೇಕಾದೀತು. ಗಟ್ಟಿ ಮಿಶ್ರಲೋಹದ ಕೊಳವೆಯಾದರೆ ಇನ್ನೂ ಹೆಚ್ಚು. ಬೆಸುಗೆಯ ಗೆರೆ ಇರುವ ಕೊಳವೆಯಲ್ಲಿ ಆ ಗೆರೆಯನ್ನು ಬಾಗಿನ ಹೊರಮೈಗೂ ಒಳಮೈಗೂ ತರದೆ ಪಕ್ಕಕ್ಕಿಡಿ. ಅಲ್ಲಿ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ಉದ್ದದ ಲೆಕ್ಕದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಮೂಲೆಯವರೆಗೆ ಅಳೆದರೆ 76 ಮತ್ತು 76, ಕೂಡಿ 152 ಮಿ.ಮೀ.; ಆದರೆ ಬಾಗಿನ ನಡುಗೆರೆ ಹಿಡಿದು ಹೋದರೆ 120 ಮಾತ್ರ. ಬಾಗಿಗೆ 32 ಮಿ.ಮೀ. ಮೇಲೆ ವ್ಯತ್ಯಾಸ. ನಾಲ್ಕು ಬಾಗಿನ ಕಮಾನಿನಲ್ಲಿ 130 ಮಿ.ಮೀ. ಆಯಿತು, ಅರ್ಧ ಗೇಣಿಗಿಂತ ಹೆಚ್ಚು. ಒತ್ತುಗಟ್ಟಿಗೆ ಗ್ರೀಸು ಹಚ್ಚಿ. ಹಿಡಿಕೆಗೆ ಹಚ್ಚಬೇಡಿ, ಜಾರುತ್ತದೆ. ಜ್ಯಾಕಿನ ಗೂಟ ಹಾರಿದರೆ ಹೋಗುವ ದಾರಿಯಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೂ ಸುಳಿಯಬಾರದು. ಸುಕ್ಕು ಬಿದ್ದ ಬಾಗನ್ನು ಬಡಿದು ನೇರ ಮಾಡಿ ಮತ್ತೆ ಬಗ್ಗಿಸುವವರನ್ನು ಕಂಡಿದ್ದೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಉಕ್ಕಿನ ವಿಷಯದಲ್ಲಿ, ಒಮ್ಮೆ ಕೆಟ್ಟು ಬಗ್ಗಿದ್ದು ಮತ್ತೆ ಒಳ್ಳೆಯದಾಗಿ ಬಗ್ಗದು. ಕತ್ತರಿಸಿ ಬಿಸಾಡಿ.

ಕಾನೂನಿನ ವಿಷಯವನ್ನೂ ಬಿಡಬಾರದು. ಮೋಟಾರು ವಾಹನಗಳ ಕಾಯಿದೆ, 1988ರ 39ನೆಯ ಕಲಮಿನ ಪ್ರಕಾರ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು. ಮಾರಾಟಕ್ಕೆ ಬರುವ ವಾಹನಗಳ ಮಾದರಿಯನ್ನು ನಮ್ಮ ಪುಣೆಯಲ್ಲೇ 1966ರಲ್ಲಿ ಸ್ಥಾಪನೆಯಾದ ಎಆರ್‌ಎಐಯಂಥ ಸಂಸ್ಥೆಗಳು ಪರೀಕ್ಷಿಸಿ ಒಪ್ಪಿಗೆ ಕೊಡುತ್ತವೆ; ಮನೆಯಲ್ಲಿ ಕಟ್ಟಿದ ಗಾಡಿಗೆ ಅಂಥ ಒಪ್ಪಿಗೆಯಿಲ್ಲ. ನೋಂದಣಿಯಾದ ಜೀಪನ್ನೂ ಮನಸ್ಸಿಗೆ ಬಂದಂತೆ ಮಾರ್ಪಡಿಸಲು 52ನೆಯ ಕಲಮು ಬಿಡುವುದಿಲ್ಲ. ಆದುದರಿಂದ ಈ ಗಾಡಿ ಸ್ವಂತ ಹೊಲದಲ್ಲಿ, ಸ್ಪರ್ಧೆಯ ಕಣದಲ್ಲಿ ಓಡಲಿ. ಸಿಂಹಗಡದ ರಸ್ತೆಗೆ ತರಬೇಡಿ.

ಬಂಧುಗಳೇ, ಇಷ್ಟೆಲ್ಲ ಕೇಳಿ ಕೆಲವರಿಗೆ ಉತ್ಸಾಹ ಕುಂದಿರಬಹುದು. ನನ್ನ ಉದ್ದೇಶ ಅದಲ್ಲ. ದಿನವೆಲ್ಲ ಪರರ ಯಂತ್ರದ ಮುಂದೆ ನಿಂತು, ಪರರ ಕಡತದ ಮುಂದೆ ಕೂತು ದುಡಿಯುವ ನಮಗೆ, ಸ್ವಂತ ಬುದ್ಧಿಯಿಂದ ಒಂದು ವಸ್ತುವನ್ನು ಕಟ್ಟಿ ನಿಲ್ಲಿಸುವ ಸಂತೋಷ ಸಣ್ಣದಲ್ಲ. ಅಕ್ಕನ ಮಗನ ಗಾಡಿಗೆ ಹೊಸ ಪಂಜರವನ್ನು ಮರುವರ್ಷ ನಾನೇ ಮಾಡಿಕೊಟ್ಟೆ. ಹನ್ನೆರಡು ಬಾಗುಗಳು, ಎಲ್ಲವನ್ನೂ ಭೋಸರಿಯಲ್ಲಿ ಕೂಲಿ ಕೊಟ್ಟು ತಿರುಗಚ್ಚಿನಲ್ಲಿ ಮಾಡಿಸಿ, ಒಂದೊಂದನ್ನೂ ಕ್ಯಾಲಿಪರಿನಿಂದ ಅಳೆದು, ಹನ್ನೆರಡರಲ್ಲಿ ಒಂದನ್ನು ತಿರಸ್ಕರಿಸಿ ಮತ್ತೆ ಮಾಡಿಸಿ, ಲಾರಿಯಲ್ಲಿ ಊರಿಗೆ ಒಯ್ದೆ. ಹುಡುಗ ಅದರಲ್ಲಿ ಕೂತು ಹೊಲದ ಬದುವಿನ ಮೇಲೆ ಹೋಗುವುದನ್ನು ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಮಾತಾಡಲಿಲ್ಲ; ಆದರೆ ಆ ದಿನ ನನಗೆ ಊಟಕ್ಕೆ ಬಡಿಸಿದಳು. ಅದಕ್ಕೆ ಮುಂಚಿನ ಒಂದು ವರ್ಷ ಬಡಿಸಿರಲಿಲ್ಲ.

ಬರುವ ಭಾನುವಾರ ಒಂದು ಒಳ್ಳೆಯ ಬಾಗನ್ನೂ ಒಂದು ಕೆಟ್ಟ ಬಾಗನ್ನೂ ಉದ್ದಕ್ಕೆ ಸೀಳಿ ತಂದು ವಾಚನಾಲಯದ ಮೇಜಿನ ಮೇಲೆ ಇಡುತ್ತೇನೆ. ಪಕ್ಕದಲ್ಲಿ ಕ್ಯಾಲಿಪರನ್ನೂ ಇಡುತ್ತೇನೆ. ಪತ್ರಿಕೆ ಓದಲು ಬಂದವರು ಅಳೆದು ನೋಡಬಹುದು. ನಕ್ಷೆ ತಂದವರಿಗೆ ಬಾಗುಗಳನ್ನು ಎಣಿಸಿ ಲೆಕ್ಕ ಹಾಕಿಕೊಡಲು ನಾನು ಏಳು ಗಂಟೆಯವರೆಗೆ ಇಲ್ಲಿಯೇ ಇರುತ್ತೇನೆ.